ದ್ವೀಪದಲ್ಲೊಂದು ಸೀಟು

ಗಲ್ಲದ ಗುರುತು, ಎಣ್ಣೆಜಿಡ್ಡಿನ ಒಂದು ಅರ್ಧಚಂದ್ರ, ಎಕ್ಸ್‌ರೇ ಹಲಗೆಯ ಮೇಲ್ಗಡೆ ಹಾಗೇ ಉಳಿದುಬಿಟ್ಟಿತ್ತು, ಈಗಷ್ಟೇ ಎದೆಯ ಚಿತ್ರ ತೆಗೆಸಿಕೊಂಡು ಹೋದ ದಪ್ಪ ಹೆಂಗಸಿನದು, ಎಕ್ಸ್‌ರೇ ತೆಗೆಯುವ ಅವಳು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು, ಹೋಗಲಿಲ್ಲ, ಇನ್ನೊಮ್ಮೆ ಒರೆಸಿದಳು — ಎಷ್ಟು ಗಲ್ಲ, ಎಷ್ಟು ಎದೆ, ಮದುವೆಗೆ ಮುಂಚಿನಿಂದಲೂ ಇದೇ ಕಿಟಕಿಯಿಲ್ಲದ ಕೋಣೆ, ಬೀದಿಯಲ್ಲಿ ಎದುರಾದವರ ಮುಖ ನೆನಪಾಗುವುದಿಲ್ಲ, ಆದರೆ ಕುಪ್ಪಸ ಕಳಚಿ ನಿಂತರೆ ಈ ಪಕ್ಕೆಲುಬನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತದೆ, ಇದನ್ನು ಗಂಡನಿಗೆ ಹೇಳಿದಾಗ ಅವನು ಬೆಚ್ಚಿ ಅಂಗಿಯ ಗುಂಡಿ ಹಾಕಿಕೊಂಡಿದ್ದ, ಆಮೇಲೆ ಇಬ್ಬರೂ ನಕ್ಕಿದ್ದರು. ಇವತ್ತು ನಗು ಬರುವುದಿಲ್ಲ. ಇವತ್ತು ಸಂಜೆ ಫೋನ್ ಬರುತ್ತದೆ, ಕೆರಿಬಿಯನ್ ಕಡಲಿನ ಆ ದ್ವೀಪದ ಮೆಡಿಕಲ್ ಕಾಲೇಜಿನಿಂದ, ಸೀಟು ಬೇಕೋ ಬೇಡವೋ ಇವತ್ತೇ ತಿಳಿಸಬೇಕು, ಇಲ್ಲದಿದ್ದರೆ ಸಾಲಿನಲ್ಲಿ ಹಿಂದೆ ನಿಂತವರಿಗೆ ಹೋಗುತ್ತದೆ, ಹೂಂ ಅಥವಾ ಊಹೂಂ, ಎರಡಕ್ಕೂ ತುಟಿ ಬಿಚ್ಚಬೇಕಿಲ್ಲ, ಅಷ್ಟು ಸಣ್ಣ ಮಾತು, ಆದರೆ ವಾರಗಟ್ಟಲೆಯಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ, ನುಂಗಲೂ ಆಗದು ಉಗುಳಲೂ ಆಗದು. ಗುರುತು ಹೋಯಿತು. ಅವಳು ಕಿರಣ ತಡೆಯುವ ಸೀಸದ ಗಾಜಿನ ಹಿಂದಿನ ತನ್ನ ಗೂಡಿಗೆ ಬಂದು ಕೂತಳು.

ಸೀಟು — ಆ ಪದವೇ ಅವಳಿಗೆ ಆಗಿಬರಲಿಲ್ಲ, ಶಾಲೆ ಮುಗಿದ ಮೇಲೆ ಇಲ್ಲಿಯ ಮೆಡಿಕಲ್ ಕಾಲೇಜಿಗೆ ಎರಡು ಸಲ ಪರೀಕ್ಷೆ ಬರೆದಳು, ಎರಡು ಸಲವೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ, ಹಾಸಿಗೆಯಲ್ಲಿ ಮುಖ ಹುದುಗಿಸಿ ಬಿದ್ದಿದ್ದವಳ ತಲೆಯ ಹತ್ತಿರ ಅಪ್ಪ ಬಂದು ಕೂತ, ಬಸ್ ಕಂಡಕ್ಟರಾಗಿದ್ದ ಅಪ್ಪ, ಕಂಕುಳಲ್ಲಿ ಇನ್ನೂ ಚರ್ಮದ ಚೀಲ, ಬಸ್ಸು ಎಷ್ಟು ತುಂಬಿದ್ರೂ ಮುಂದೆ ಒಬ್ಬರಿಗೆ ಜಾಗ ಇದ್ದೇ ಇರತ್ತಮ್ಮ, ನಾನು ಸುಳ್ಳು ಹೇಳ್ತೀನಿ ಅಂತ ಎಲ್ಲರೂ ಅಂದ್ಕೋತಾರೆ, ಆದ್ರೆ ಇರತ್ತೆ ಅಂದ, ಆ ಜಾಗ ಎಕ್ಸ್‌ರೇ ಡಿಪ್ಲೊಮಾ ಆಯಿತು, ಈ ಕೋಣೆಯಾಯಿತು, ದರ್ಜಿ ಗಂಡನಾದ, ಮಗಳು ಗುಬ್ಬಿ ಹುಟ್ಟಿದಳು, ಇನ್ನೇನು ಬೇಕು, ಹೊಟ್ಟೆ ತುಂಬಿದವಳ ಹಸಿವು ಅನ್ನಬೇಕು ಇದನ್ನು. ಕ್ಯಾಂಟೀನಿನಲ್ಲಿ ವಿಷಯ ಹೇಗೋ ಗೊತ್ತಾಗಿ ಹೊಸದಾಗಿ ಬಂದ ಚಿಕ್ಕ ಡಾಕ್ಟರೊಬ್ಬ ಟೀ ಹೀರುತ್ತ ಕೇಳಿದ, ದ್ವೀಪದ ಡಾಕ್ಟರಾ, ಮೊದಲು ತೆಂಗಿನಕಾಯಿಗೆ ಆಪರೇಷನ್ ಮಾಡಿಸ್ತಾರಂತಲ್ಲ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗು ಬರುವ ಮಾತೇ, ಆಮೇಲೆ ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಚಿತ್ರ ಓದಿ ವರದಿ ಬರೆಯುವ ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ, ಕನ್ನಡಕ ತೆಗೆದು ಒರೆಸುತ್ತ, ಅಲ್ಲಿ ಒಳಗೆ ಹೋಗೋದು ಸುಲಭ, ಹೊರಗೆ ಬರೋದು ಕಷ್ಟ, ಬಂದ ಮೇಲೂ ಬೇರೆಯವರಿಗೆ ಒಂದು ಪರೀಕ್ಷೆ ಅಂದ್ರೆ ನಿನಗೆ ಎರಡು, ಒಂದು ಪೇಪರ್ ಮೇಲೆ, ಇನ್ನೊಂದು ದ್ವೀಪದ ಡಾಕ್ಟರಾ ಅನ್ನೋರ ಮುಖದ ಮೇಲೆ ಇರತ್ತೆ ಅಂದರು, ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ, ಕನ್ನಡಕ ಹಾಕಿಕೊಂಡು ಮತ್ತೆ ಪರದೆಗೆ ತಿರುಗಿದರು.

ಅಂಥದೇ ಕಾಲೇಜಿಗೆ ಹೋಗಿ ಎರಡನೇ ವರ್ಷಕ್ಕೆ ಬಿಟ್ಟು ಬಂದವನೊಬ್ಬ ಔಷಧಿ ಅಂಗಡಿ ಇಟ್ಟಿದ್ದಾನೆ ಎಂದು ಗಂಡ ಪತ್ತೆ ಹಚ್ಚಿ ತಂದಿದ್ದ, ಕಳೆದ ಭಾನುವಾರ ಹೋಗಿ ಕಂಡಳು, ಸಣ್ಣ ದನಿಯ ಮನುಷ್ಯ, ಗಿರಾಕಿಗೆ ಮಾತ್ರೆ ಕತ್ತರಿಸಿ ಕೊಡುತ್ತ ಕೊಡುತ್ತಲೇ ಹೇಳಿದ, ಓದೋ ಕೋಣೇಲಿ ಮೈ ಕೊರೆಯೋ ಚಳಿ ಇಟ್ಟಿರ್ತಾರೆ ಅಕ್ಕ, ನಿದ್ದೆ ಬರಬಾರದು ಅಂತ, ಹೊರಗೆ ಬಂದ್ರೆ ಬೆಂಕಿ ಬಿಸಿಲು, ಪ್ರತಿ ಸಲ ಫಲಿತಾಂಶ ಬಂದಾಗ ಕ್ಲಾಸಲ್ಲಿ ಒಂದಷ್ಟು ಕುರ್ಚಿ ಖಾಲಿ ಆಗೋವು, ಆ ಕುರ್ಚೀಲಿ ಬೇರೆ ಯಾರೂ ಕೂರ್ತಿರಲಿಲ್ಲ, ಚೀಲ ಕೂಡ ಇಡ್ತಿರಲಿಲ್ಲ. ಸಮುದ್ರ, ಅಂತ ಅವಳು ಕೇಳಿದಳು, ಯಾಕೆ ಕೇಳಿದಳೋ. ಕಿಟಕಿಯಿಂದ ಕಾಣೋದು, ಅಂದ, ಇಳಿದಿದ್ದು ಒಂದೇ ಸಲ, ಹೊರಟು ಬರೋ ದಿನ. ಪಶ್ಚಾತ್ತಾಪ ಇದೆಯಾ ಎಂದು ಕೇಳಬೇಕೆಂದೇ ಹೋಗಿದ್ದಳು, ಕೇಳಲಾಗಲಿಲ್ಲ, ಅವನೇ ಕೌಂಟರಿನ ಗಾಜು ಒರೆಸುತ್ತ ಹೇಳಿದ, ನನ್ನ ಜೊತೆ ಕೂರ್ತಿದ್ದವಳು ಮುಗಿಸಿದಳು ಅಕ್ಕ, ಈಗ ಮಕ್ಕಳ ಡಾಕ್ಟರು, ನನಗಿಂತ ಜಾಣೆ ಅಂತೇನೂ ಅಲ್ಲ, ಹಟ ಇತ್ತು, ನಿಮಗಿದ್ಯಾ. ಇದೆಯೇ, ಹಟವೋ ಹುಚ್ಚೋ, ಈ ವಯಸ್ಸಿನಲ್ಲಿ ತನಗಿಂತ ಹತ್ತು ವರ್ಷ ಚಿಕ್ಕವರ ಮಧ್ಯೆ ಕೂತು ಮೂಳೆಗಳ ಹೆಸರು ಬಾಯಿಪಾಠ ಮಾಡುವುದು — ಮೂಳೆಗಳ ಹೆಸರು ಅವಳಿಗೆ ಗೊತ್ತು, ಮೂಳೆಗಳೇ ಗೊತ್ತು, ಉಳಿದದ್ದು ಗೊತ್ತಿಲ್ಲ, ಉಳಿದದ್ದೇ ಬೆಟ್ಟದಷ್ಟಿದೆ.

ತಡೆಯುವವರಿದ್ದರೆ ಎಷ್ಟು ಚೆನ್ನಾಗಿತ್ತು, ಅವರ ತಲೆಗೆ ಕಟ್ಟಿ ಹಾಯಾಗಿ ಕೂರಬಹುದಿತ್ತು, ಗಂಡ ಸಿಡುಕುತ್ತಾನೆ ಅಂದುಕೊಂಡಿದ್ದಳು, ಅವನು ಮೆಷಿನ್ನಿನ ಮೇಲಿಂದ ತಲೆ ಎತ್ತದೆ, ಕತ್ತರಿಸದೆ ಎತ್ತಿಟ್ಟ ಬಟ್ಟೆ ಹುಳ ತಿನ್ನತ್ತೆ ಕಣೇ ಅಂದ, ಅಷ್ಟೇ ಅಂದ, ಆದರೆ ಅವತ್ತು ಒಂದು ತೋಳನ್ನು ತಿರುಗಾಮುರುಗಾ ಹೊಲಿದು ಬಿಚ್ಚಬೇಕಾಯಿತು. ಅತ್ತೆಯಾದರೂ ದಾರಿಗೆ ಅಡ್ಡ ನಿಲ್ಲುತ್ತಾರೆ ಅಂದುಕೊಂಡಳು, ಮಾತಿನಲ್ಲಿ ಒಗ್ಗರಣೆಯಷ್ಟೇ ಖಾರದ ಅತ್ತೆ, ಮಗುವಿನ ತಲೆ ಬಾಚುತ್ತ ಕೂತಿದ್ದವರು ಬಾಚಣಿಗೆ ನಿಲ್ಲಿಸದೆಯೇ, ಗುಬ್ಬಿ ನಾಲ್ಕು ದಿನ ಅಳ್ತಾಳೆ, ಆಮೇಲೆ ನನ್ನ ಹೆಗಲೇರಿ ಕೂರ್ತಾಳೆ, ನೀನು ಹೋಗದೆ ಉಳಿದ್ರೆ ಮಾತ್ರ ಈ ಮನೇಲಿ ಯಾರಿಗೂ ನೆಮ್ಮದಿ ಇರಲ್ಲ, ಒಲೆ ಮುಂದೆ ನಿಂತು ನೀನು ಪಾತ್ರೆ ಕುಕ್ಕೋದನ್ನ ಸಾಯೋತನಕ ಕೇಳಕ್ಕೆ ನನ್ನ ಕೈಲಾಗಲ್ಲ ಅಂದರು. ಗುಬ್ಬಿ ತಿರುಗಿ ನೋಡಿ, ಅಲ್ಲಿಗೆ ಬಸ್ ಹೋಗತ್ತಾ ಅಂದಳು, ಇಲ್ಲ ಪುಟ್ಟ, ವಿಮಾನ, ಹಾಗಾದ್ರೆ ಬೇಗ ಹೋಗತ್ತೆ, ಸಂಜೆ ಬಂದ್ಬಿಡು ಅಂದಳು. ಸಂಜೆ ಬಂದುಬಿಡು. ಬರುವ ಹೊತ್ತಿಗೆ ಹಾಲುಹಲ್ಲು ಬಿದ್ದಿರುತ್ತವೆ, ಅಕ್ಷರ ಕೂಡಿಸಿ ಓದುತ್ತಿರುತ್ತಾಳೆ, ಮೈಗೆ ಈಗಿನ ವಾಸನೆ ಇರುವುದಿಲ್ಲ, ಜ್ವರ ಬಂದರೆ ಅಜ್ಜಿಯನ್ನು ಕರೆಯುತ್ತಾಳೆ, ಡಾಕ್ಟರಾದ ಅಮ್ಮ ಫೋನಿನೊಳಗಿಂದ ನಾಲಿಗೆ ತೋರಿಸು ಅನ್ನಬೇಕು — ಬೇಡ, ಊಹೂಂ ಅಂದುಬಿಡುವುದೇ ಸರಿ, ಯಾರಿಗೆ ಬೇಕಾಗಿದೆ.

ಯಾರಿಗೆ ಬೇಕಾಗಿದೆ ಅಂದಾಗಲೆಲ್ಲ ಅಪ್ಪ ಈ ಕೋಣೆಯೊಳಗೆ ಬರುತ್ತಾನೆ, ಆ ದಿನ ಬಂದಂತೆಯೇ, ಚೀಟಿ ಹಿಡಿದು, ಮಗಳು ಒಳಗಿದ್ದರೂ ಸರದಿ ಮುರಿಯದೆ ಬೆಂಚಿನ ಮೇಲೆ ಕಾದು, ಬಿಡದ ಕೆಮ್ಮು, ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದ, ಅವಳು ಅವನ ಕೈಗಳನ್ನು ಸೊಂಟದ ಮೇಲಿಡಿಸಿದಳು, ಹೆಗಲನ್ನು ಮುಂದಕ್ಕೆ ಒತ್ತಿದಳು, ಎಷ್ಟು ವರ್ಷವಾಗಿತ್ತು ಅಪ್ಪನ ಬೆನ್ನು ಮುಟ್ಟಿ, ತಣ್ಣಗಿದೆ ಹಲಗೆ ಅಂದ, ಹೂಂ ಅಪ್ಪ ಅಂದು ಗಾಜಿನ ಹಿಂದೆ ಬಂದು ಎಲ್ಲರಿಗೂ ಹೇಳುವ ದನಿಯಲ್ಲೇ ಹೇಳಿದಳು, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಗುಂಡಿ ಒತ್ತಿದಳು, ಪರದೆಯ ಮೇಲೆ ಚಿತ್ರ ಮೂಡಿತು, ಬಲಗಡೆ, ಮೇಲೆ, ಇರಬಾರದ ಕಡೆ ಬೆಳ್ಳಗೆ ಒಂದು ಮುಷ್ಟಿ. ಅವಳು ಅದನ್ನೇ ನೋಡುತ್ತ ನಿಂತಳು. ಬಿಡಿ ಎನ್ನಲು ಮರೆತಳು. ಗಾಜಿನಾಚೆ ಅಪ್ಪ, ಹೇಳಿದ ಮಾತು ಮೀರದ ಮನುಷ್ಯ, ಹಿಡಿದೇ ನಿಂತಿದ್ದ, ಬೆನ್ನಿನ ಚರ್ಮ ಬಿಗಿದು, ಕತ್ತು ಕೆಂಪೇರಿ, ಕೊನೆಗೆ ಕೆಮ್ಮೇ ಅವನನ್ನು ಬಿಡಿಸಿತು. ಅಂಗಿ ಹಾಕಿಕೊಳ್ಳುತ್ತ, ಏನಮ್ಮ ಕಾಣ್ತು ಅಂದ. ಡಾಕ್ಟರು ಹೇಳ್ತಾರಪ್ಪ. ಎಲ್ಲರಿಗೂ ಹೀಗೇ ಹೇಳ್ತೀಯಾ. ಹೂಂ. ಸರಿ ಬಿಡು, ಟಿಕೆಟ್ ಎಲ್ಲರಿಗೂ ಒಂದೇ ಅಂದು ನಕ್ಕ, ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ, ಅವಳು ಸರಿಮಾಡಲಿಲ್ಲ, ಕೈ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಹೋಗಿಬಿಟ್ಟ. ಡಾಕ್ಟರಾಗಿದ್ದರೆ ಉಳಿಸುತ್ತಿದ್ದಳೇ, ಇಲ್ಲ, ದೊಡ್ಡ ಡಾಕ್ಟರ ಕೈಲೇ ಆಗಲಿಲ್ಲ, ಅದು ಅವಳಿಗೆ ಗೊತ್ತು, ಆ ಮಾತಿನಿಂದ ತನ್ನನ್ನು ತಾನು ಮೋಸಗೊಳಿಸುವುದು ಬೇಡ, ಉಳಿಸುವುದಲ್ಲ, ಪಕ್ಕದಲ್ಲಿ ಕೂತು ಕೈ ಹಿಡಿದು ಅಪ್ಪ ಇದು ಹೀಗಿದೆ ಎಂದು ಹೇಳಬಹುದಿತ್ತು, ಹೇಳುವ ಹಕ್ಕಿರುತ್ತಿತ್ತು, ಮಗಳಾಗಿ ಹೇಳಲು ಬಾಯಿ ಬರಲಿಲ್ಲ, ಎಕ್ಸ್‌ರೇ ತೆಗೆಯುವವಳಾಗಿ ಹೇಳುವಂತಿರಲಿಲ್ಲ, ಆ ಬೆನ್ನು ಉತ್ತರಕ್ಕೆ ಕಾಯುತ್ತಿತ್ತು. ಇವತ್ತೂ ಬೆಂಚಿನ ಮೇಲಿಂದ ಎದ್ದು ಬರುವ ಪ್ರತಿಯೊಬ್ಬರೂ ಕೇಳುತ್ತಾರೆ, ಏನು ಕಾಣ್ತಮ್ಮ, ದಿನವಿಡೀ ಅದೇ ಪ್ರಶ್ನೆ, ಅದೇ ಉತ್ತರ, ಆ ದಪ್ಪ ಹೆಂಗಸಿಗೂ ಅದನ್ನೇ ಹೇಳಿ ಕಳಿಸಿದಳು, ಎದೆ ಶುಭ್ರವಾಗಿತ್ತು, ಅದನ್ನಾದರೂ ಹೇಳಬಹುದಿತ್ತು, ಅದೂ ಹೇಳುವಂತಿಲ್ಲ.

ಡ್ರಾಯರಿನೊಳಗೆ ಫೋನು ಗುಂಯ್ಗುಡುತ್ತಿದೆ. ತೆಗೆದಳು. ದೂರದ ಹೆಂಗಸಿನ ದನಿ, ಹಿಂದೆ ಗಾಳಿಯ ಸದ್ದೋ ನೀರಿನ ಸದ್ದೋ, ಹೆಸರು ಸರಿಯೇ ಎಂದು ವಿಚಾರಿಸಿತು, ಸೀಟಿನ ವಿಷಯ ಏನು ನಿರ್ಧಾರ ಮಾಡಿದಿರಿ ಎಂದು ಕೇಳಿತು, ಗುಬ್ಬಿಯ ನೆತ್ತಿ, ಅತ್ತೆಯ ಬಾಚಣಿಗೆ, ಖಾಲಿ ಕುರ್ಚಿಗಳು, ಗಂಡ ಬಿಚ್ಚಿದ ಹೊಲಿಗೆ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು, ಕೇಳಿಸ್ತಿದೆಯಾ ಅಂದಿತು ದನಿ, ಕೇಳಿಸ್ತಿದೆ, ಬರ್ತೀನಿ ಅಂದಳು. ತನ್ನ ಬಾಯಿಂದಲೇ ಬಂದದ್ದು. ಬರ್ತೀನಿ, ಸೀಟು ಬೇಕು ನನಗೆ. ಆಚೆಯ ದನಿ ಸಂತೋಷ ಅಂದಿತು, ಇನ್ನೇನೇನೋ ಹೇಳಿತು, ಫೋನು ಸುಮ್ಮನಾಯಿತು. ಸಂತೋಷವೋ ಭಯವೋ ಬರಬೇಕಿತ್ತು, ಕಾದಳು, ಬರಲಿಲ್ಲ, ಬೆಳಗಿನಿಂದ ಹರಿಯುತ್ತಿದ್ದದ್ದೆಲ್ಲ ಎಲ್ಲೋ ನಿಂತುಬಿಟ್ಟಿತು, ಎದುರಿಗೆ ಗಾಜು, ಗಾಜಿನಾಚೆ ಖಾಲಿ ಕೋಣೆ — ಖಾಲಿಯಲ್ಲ, ಬರಿಮೈಯ ಬೆನ್ನು, ಸೊಂಟದ ಮೇಲೆ ಕೈ, ಮುಂದಕ್ಕೆ ಬಾಗಿದ ಹೆಗಲು, ಕೆಂಪೇರುತ್ತಿರುವ ಕತ್ತು, ಉಸಿರು ಹಿಡಿದು ನಿಂತಿದ್ದಾನೆ ಅಪ್ಪ, ಅವಳ ಮಾತಿಗೆ ಕಾದು, ಹಿಡಿದೇ ನಿಂತಿದ್ದಾನೆ.