ಮಾಳಿಗೆಯ ಮೇಲಿನ ಪುರಾಣ

ಲಾಕ್‌ಡೌನ್ ಬಿದ್ದಾಗಿನಿಂದ ತಾವರಗೇರಾದ ಸುಕನ್ಯಾಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾಲೇಜಿನ ಆಪ್ತಸಮಾಲೋಚಕಿ ಮಾತಾಡಲು ಫೋನ್ ಮಾಡಿದಾಗ, ಸಿಗ್ನಲ್ ಸಿಗುವ ಮಾಳಿಗೆ ಹತ್ತಿ ಸ್ಪೀಕರ್ ಹಾಕಿದಳು. ಬೆನ್ನಿಗೇ ಅಜ್ಜಿ ಹುಲಿಗವ್ವನೂ ಬಂದಳು.

"ಮನಸ್ಸು ಎಂಬುದು..." ಎಂದು ಮೇಡಂ ರಾಗವಾಗಿ ಶುರುಮಾಡಿದ್ದೇ ತಡ, ಅಜ್ಜಿಗೆ ಅದು ಪುರಾಣವೆನಿಸಿತು. ಮಠದ ಪುರಾಣ ನಿಂತು ಆಕೆಯ ಕಿವಿ ಹಸಿದಿತ್ತು. ಫೋನಿಗೆ ವಿಭೂತಿ ಹಚ್ಚಿ, ತೆಂಗಿನಕಾಯಿ ಇಟ್ಟು, "ಹೂಂ, ಮುಂದ?" ಎಂದಳು. ಅಕ್ಕಪಕ್ಕದ ಮಾಳಿಗೆಗಳ ಹೆಂಗಸರೂ ಮೂಗಿಗೆ ಸೆರಗು ಕಟ್ಟಿ ಹೂಂಗುಟ್ಟತೊಡಗಿದರು.

"ಈಗ ನೀವು ಹೇಳಿ, ಸುಕನ್ಯಾ," ಎಂದರು ಮೇಡಂ.

ಸುಕನ್ಯಾ ನಾಚಿ ಹಿಡಿಯಾದಳು. "ಏನಿಲ್ರಿ ಮೇಡಂ, ಆರಾಮ ಅದೀನಿ."

"ಪುರಾಣದಾಗ ಸುಳ್ಳ ಹೇಳಬ್ಯಾಡ ಯವ್ವಾ!" ಎಂದು ಅಜ್ಜಿ ಗದರಿದಳು.

"ನಿದ್ದಿ ಬರವಲ್ದು..."

"ಹೂಂ, ಮುಂದ?" ಎಂದವು ಮಾಳಿಗೆಗಳು.

"ಓದಿದ್ದೆಲ್ಲಾ ಮರತೈತಿ. ಫೇಲಾಗ್ತೀನಂತ ಭಾಳ ಹೆದರಿಕಿ."

"ಶಿವ ಶಿವಾ! ಮುಂದ?"

ಸುಕನ್ಯಾ ಅಳುತ್ತ ಹೇಳುತ್ತಲೇ ಹೋದಳು. ಸಿಗ್ನಲ್ ಯಾವಾಗಲೋ ಹೋಗಿತ್ತು. ಯಾರಿಗೂ ಮೇಡಂ ನೆನಪಾಗಲಿಲ್ಲ. ಕೊನೆಗೆ ಅಜ್ಜಿ ಕಾಯಿ ಒಡೆದು ಮೊಮ್ಮಗಳಿಗೇ ಮಂಗಳಾರತಿ ಎತ್ತಿದಳು. ಆರಡಿ ಅಂತರ ಕಾಯ್ದು, ಮಾಳಿಗೆಯಿಂದ ಮಾಳಿಗೆಗೆ ಹೋಳು ಎಸೆದು ಪ್ರಸಾದ ಹಂಚುವಷ್ಟರಲ್ಲಿ, ಸುಕನ್ಯಾ ಅಲ್ಲೇ ಗೊರಕೆ ಹೊಡೆಯುತ್ತಿದ್ದಳು.