ಕೇಬಲ್ಲಿನ ತುದಿಯ ಮುಚ್ಚಳ

ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿದ್ದ ನಮ್ಮ ಬೀಜದ ಕಂಪನಿಗೆ ತೊಂಬತ್ನಾಲ್ಕರಲ್ಲಿ ಐದು ಕಂಪ್ಯೂಟರ್ ಬಂದವು. ಹುಬ್ಬಳ್ಳಿಯಲ್ಲಿ ಒಂದು ತಿಂಗಳು ಕಲಿತು ಬಂದ ನಾನೇ ಅವುಗಳ ಯಜಮಾನ. ಯಜಮಾನಿಕೆ ನೆತ್ತಿಗೇರಿತ್ತು. ಮೊಳಕೆ ಪರೀಕ್ಷೆಯ ರಜಿಸ್ಟರನ್ನು ಬಂದ್ ಮಾಡಿಸಿದವನೂ ನಾನೇ. "ಇನ್ನ ಎಲ್ಲಾ ಸರ್ವರಿನ್ಯಾಗ ಇರ್ತೈತ್ರಿ. ಯಾವ ಮಷೀನಿನ್ಯಾಗ ಬೇಕಾದ್ರೂ ತಗದು ನೋಡ್ರಿ," ಎಂದು ಸಾವ್ಕಾರ ಶಂಕ್ರಪ್ಪನವರಿಗೆ ಎದೆಯುಬ್ಬಿಸಿ ಹೇಳಿದ್ದೆ.

ಆ ಶುಕ್ರವಾರ ಅಮಾವಾಸ್ಯೆ. ಬ್ಯಾಡಗಿಗೆ ಹೋಗುವ ಹತ್ತಿ ಬೀಜದ ಲಾರಿ ಪೂಜೆ ಮುಗಿಸಿ, ಹತ್ತೂವರೆಗೆ ರಾಹುಕಾಲ ಬರುವುದರೊಳಗೆ ಹೊರಡಬೇಕು. ಮೊಳಕೆ ಪರೀಕ್ಷೆಯಲ್ಲಿ ಫೇಲಾದ ಲಾಟ್, ಅಂದರೆ ಒಂದೇ ರಾಶಿಯ ಬೀಜದ ಪೆಟ್ಟಿಗೆಗಳು, ಇದ್ದರೆ ಲಾರಿಯಿಂದ ಇಳಿಸುವುದು ನನ್ನ ಜವಾಬ್ದಾರಿ. ಪರೀಕ್ಷೆ ಮಾಡುವ ಹಸೀನಾಬಿ ಹಿಂದಿನ ಸಂಜೆ ಫಲಿತಾಂಶವನ್ನು ಫೈಲಿಗೆ ಹಾಕಿ, ತಂಗಿಯ ಮದುವೆಗೆಂದು ಹಾವೇರಿಗೆ ಹೋಗಿದ್ದಳು. ಅವಳ ಮನೆಯಲ್ಲಿ ಫೋನಿಲ್ಲ.

ಒಂಬತ್ತೂವರೆಗೆ ಫೈಲು ತೆಗೆಯಲು ಕೂತೆ. ಸರ್ವರ್ ಸಿಗುತ್ತಿಲ್ಲ ಎಂದಿತು ಪರದೆ. ಪಕ್ಕದ ಮಷೀನಿನಲ್ಲೂ ಅದೇ ರಾಗ. ಎಲ್ಲವನ್ನೂ ಆರಿಸಿ ಹಚ್ಚಿದೆ, ಪಾಸ್‌ವರ್ಡ್ ಬದಲಿಸಿದೆ, ಮೇಜಿನ ಕೆಳಗೆ ತೂರಿ ಕೇಬಲ್ಲಿನ ಒಂದೊಂದೇ ಗಂಟು ಅಲುಗಾಡಿಸಿದೆ. ಸರ್ವರ್ ಚಾಲೂ ಇತ್ತು, ಆದರೆ ಅದರ ಎದುರಿಗೇ ಕೂತರೂ ಫೈಲು ಕಾಣುವಂತಿರಲಿಲ್ಲ. ಬೇರೆ ಮಷೀನಿನಿಂದಲೇ ತೆಗೆಯಬೇಕು. ಅಂಗಿ ಬೆನ್ನಿಗೆ ಅಂಟಿತು.

ಹೊರಗೆ ಲಾರಿಗೆ ಕಾಯಿ ಒಡೆದರು. ಸಾವ್ಕಾರರು ಬಾಗಿಲಲ್ಲಿ ನಿಂತರು. "ಯಾವ ಲಾಟ್ ಇಳಸೂದೋ ಸೋಮಣ್ಣ? ಲಗೂ ಹೇಳು."

ಗೊತ್ತಿಲ್ಲ ಎಂದಿದ್ದರೆ ಲಾರಿ ನಿಲ್ಲುತ್ತಿತ್ತು. ಆದರೆ ರಜಿಸ್ಟರ್ ಬಂದ್ ಮಾಡಿಸಿದ ಬಾಯಿಗೆ ಆ ಮಾತು ಬರಲಿಲ್ಲ. ಹತ್ತು ಸಲಕ್ಕೆ ಒಂಬತ್ತು ಸಲ ಯಾವ ಲಾಟೂ ಫೇಲಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಎಲ್ಲಾ ಚಲೋ ಅದಾವ್ರಿ. ಕಳಸ್ರಿ."

ಲಾರಿ ಹೋಯಿತು. ಕಸ ಹೊಡೆಯುವ ಫಕ್ಕೀರವ್ವ ಆರತಿ ತಟ್ಟೆ ಹಿಡಿದು ಬಂದು, "ದೇವರಿಗೆ ಕೈ ಮುಗೀರಿ ಅಣ್ಣಾರ," ಎಂದಳು. ಗೋದಾಮಿನ ಮೂಲೆಯ ದೇವರ ಮಾಡಕ್ಕೆ ಹೋದೆ. ಅಮಾವಾಸ್ಯೆಗೊಮ್ಮೆ ಆಫೀಸಿನ ಲೋಹದ ಸಾಮಾನನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವುದು ಅವಳ ಪದ್ಧತಿ. ದೀಪದ ಸಮೆ, ಗಂಟೆ, ಬೀಗದ ಕೈ ಸಾಲಾಗಿ ಹೊಳೆಯುತ್ತಿದ್ದವು. ಅವುಗಳ ನಡುವೆ ಕುಂಕುಮ ಹಚ್ಚಿಸಿಕೊಂಡು ಬೆರಳ ತುದಿಯಷ್ಟಿನ ಒಂದು ಮುಚ್ಚಳ ಕೂತಿತ್ತು. ಕೇಬಲ್ಲಿನ ಕೊನೆಗೆ ಹಾಕುವ ಮುಚ್ಚಳ ಅದು. ಅದಿಲ್ಲದಿದ್ದರೆ ಐದೂ ಮಷೀನು ಕುರುಡು. ಗೋದಾಮಿನೊಳಗೆ ಹೋಗಿದ್ದ ಕೇಬಲ್ಲಿನ ಆ ತುದಿಯನ್ನು ಯಾರೂ ಮುಟ್ಟುವುದಿಲ್ಲವೆಂದು ನಾನು ನೋಡಿಯೇ ಇರಲಿಲ್ಲ.

"ಇದನ್ಯಾಕ ತಗದಿ ಬೇ?"

"ಮುಂಜಾನೆ ಕೇಳಿದ್ನೆಲ್ರಿ, ಇದನ್ನೂ ತಿಕ್ಕಲೇನು ಅಂತ. ಪೇಪರ್ ಓದಕೋತ ಹ್ಞೂಂ ಅಂದ್ರಿ."

ಅಂದಿದ್ದೆ. ತಲೆ ಎತ್ತಿ ನೋಡಿರಲಿಲ್ಲ ಅಷ್ಟೆ.

ಮುಚ್ಚಳ ಒರೆಸಿ ತಿರುಪಿದೆ. ಫೈಲು ತೆರೆಯಿತು. ಲಾಟ್ ಮೂವತ್ತೊಂದು: ನೂರಕ್ಕೆ ಮೂವತ್ತೆಂಟು ಮೊಳಕೆ. ಕಳಿಸಬಾರದು.

ನಾನು ಮುಚ್ಚಳ ತಿರುಪಿದ್ದನ್ನು ಕಂಡು ಸಾವ್ಕಾರರು ಹಿಂದೆಯೇ ಬಂದು ನಿಂತಿದ್ದರು. ಓದಿದರು. ಅವರ ಮುಖ ಕಪ್ಪಿಟ್ಟಿತು. "ಯಾರು ತಗದವರು ಆ ಮುಚ್ಚಳಾನ?"

ಫಕ್ಕೀರವ್ವ ಆರತಿ ತಟ್ಟೆಯನ್ನು ಎದೆಗವಚಿಕೊಂಡು ನನ್ನನ್ನೇ ನೋಡಿದಳು. ಅಕಿ ಎಂದು ಬೆರಳು ಮಾಡಿದ್ದರೆ ಅವಳ ಕೆಲಸ ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು. ಮಾಡಬೇಕೆಂದು ಅನ್ನಿಸಿತು, ಸುಳ್ಳೇಕೆ ಹೇಳಲಿ.

"ಹ್ಞೂಂ ಅಂದಾಂವ ನಾನರೀ. ಎಲ್ಲಾ ಚಲೋ ಅದಾವ ಅಂದಾಂವನೂ ನಾನ. ಫೈಲ್ ನೋಡಿರಲಿಲ್ರಿ."

ಅವರು ನನ್ನನ್ನು ಬೈಯಲಿಲ್ಲ. ಬ್ಯಾಡಗಿಯ ಏಜೆಂಟರಿಗೆ ಫೋನು ತಿರುಗಿಸಿದರು, ಎಂಗೇಜ್. ಮತ್ತೆ ತಿರುಗಿಸಿದರು, ಎಂಗೇಜ್. ರಾಹುಕಾಲದಲ್ಲೇ ಜೀಪು ಹತ್ತಿದರು.

ಸಂಜೆ ಮರಳಿದಾಗ ಜೀಪಿನಲ್ಲಿ ಆ ಲಾಟಿನ ಇಪ್ಪತ್ತೆಂಟು ಪೆಟ್ಟಿಗೆ ಇದ್ದವು. ಹೋಗಿದ್ದು ನಲವತ್ತು. "ಉಳದ ಹನ್ನೆರಡು ಕದರಮಂಡಲಗಿ ರೈತ ಮಂದಿ ಒಯ್ದಾರಂತ," ಎಂದರು. "ನಾಳೆ ಹೋಗು. ಮನಿ ಮನಿ ಬಾಗಲಾ ಬಡದು ವಾಪಸ್ ಕೇಳು."

ಫಕ್ಕೀರವ್ವ ಕಪಾಟಿನ ಮೇಲಿಂದ ಹಳೆಯ ರಜಿಸ್ಟರ್ ಇಳಿಸಿ, ಧೂಳು ಒರೆಸಿ, ನನ್ನ ಮುಂದಿಟ್ಟಳು.