ಹನ್ನೆರಡನೆಯ ನುಡಿ

“ಯಾರನ್ನೂ ಬಿಡಲ್ಲ ಅಜ್ಜಿ,” ಎಂದು ಮಾತು ಕೊಟ್ಟಾಗ ಟ್ರೆಸ್ಸಿಗೆ ಹತ್ತು ವರ್ಷ. ಅಜ್ಜಿ ಆರ್ಮಿಂಡಾ ಒಲೆಯ ಮುಂದೆ ಕೂತು ಕಾಗದದ ಹೂಗಳನ್ನು ಒಂದೊಂದಾಗಿ ಕರಗಿದ ಮೇಣದಲ್ಲಿ ಅದ್ದಿ ತೆಗೆಯುತ್ತಿದ್ದಳು. ಮೇ ತಿಂಗಳ ಕೊನೆಯ ಭಾನುವಾರ ಗೋರಿಗಳಿಗೆ ಹೂ ಇಡುವ ದಿನ. ಮೇಣ ಕುಡಿದ ಹೂ ಮಳೆಗೆ ಹಾಳಾಗುವುದಿಲ್ಲ. ಸ್ಪೈಸ್‌ವುಡ್ ಗುಡ್ಡದ ಮೇಲಿನ ಮನೆತನದ ಸ್ಮಶಾನದಲ್ಲಿ ಹೆಸರು ಕೆತ್ತಿದ ಕಲ್ಲುಗಳು ಹತ್ತೊಂಬತ್ತು. ಇನ್ನು ಹನ್ನೆರಡು ಗೋರಿಗಳಿಗೆ ಹಳ್ಳದಿಂದ ಹೊತ್ತು ತಂದು ನೆಟ್ಟ ಬರೀ ಕಲ್ಲು, ಮೊಣಕಾಲಿನಷ್ಟೂ ಎತ್ತರವಿಲ್ಲದವು. ಅವೆಲ್ಲ ಮಕ್ಕಳವು. ಆ ಹನ್ನೆರಡು ಮಕ್ಕಳಿಗೆ ಒಂದು ಹಾಡಿತ್ತು, ಮಗುವಿಗೊಂದು ನುಡಿಯಂತೆ. ಯಾವ ಕಡೆಗೆ, ಎಷ್ಟು ಹೆಜ್ಜೆ, ಯಾರು. ಅಷ್ಟೇ ಅದರಲ್ಲಿದ್ದದ್ದು.

“ಕೆತ್ತಿದ ಕಲ್ಲಿಗೆ ಬಾಯಿದೆ ಮಗಾ. ಇವಕ್ಕೆ ನಾವೇ ಬಾಯಿ,” ಎಂದಿದ್ದಳು ಅಜ್ಜಿ. “ಹಾಡಿದ್ರೆ ಪೂರ್ತಿ ಹಾಡು. ಕೊನೇದನ್ನಂತೂ ಬಿಡಬೇಡ. ಅವನು ಗಂಟಲುಬೇನೆಲಿ ಹೋದೋನು. ಜನ ಹೆದರ್ಕೊಂಡು ದೂರ ಹೂಳ್ಸಿದ್ರು. ಒಬ್ಬನೇ ಇದಾನೆ.”

ನಲವತ್ತೆಂಟು ವರ್ಷಗಳ ಮೇಲೆ, ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಟ್ರೆಸ್ಸಿ ಊರಿನ ಹೈಸ್ಕೂಲಿನ ಮೊಗಸಾಲೆಯಲ್ಲಿ ನಿಂತು ಒಂದು ನಕ್ಷೆ ನೋಡುತ್ತಿದ್ದಳು. ಆಟದ ಕಪ್ಪುಗಳನ್ನಿಟ್ಟ ಗಾಜಿನ ಬೀರುವಿನ ಮೇಲೆ ವೆಂಡೆಲ್ ಅದನ್ನು ಹರಡಿ, ಮೂಲೆ ಮಡಚಿಕೊಳ್ಳದಂತೆ ತನ್ನ ಕಾಫಿ ಲೋಟ ಇಟ್ಟಿದ್ದ. ವೆಂಡೆಲ್ ಪಕ್ಕದ ಕಣಿವೆಯವನೇ. ಕಲ್ಲಿದ್ದಲು ಕಂಪನಿಯ ಪರವಾಗಿ ಜಾಗ ಅಳೆಯುವವನು. ಗುಡ್ಡದ ತಲೆ ತೆಗೆದು ಕಲ್ಲಿದ್ದಲು ಅಗೆಯಲು ಕಂಪನಿ ಪರವಾನಗಿ ಕೇಳಿತ್ತು. ಊರವರ ತಕರಾರು ಕೇಳುವ ಕೊನೆಯ ದಿನ ಅದು. ಪ್ರಕಟಣೆ ನಾಲ್ಕು ವಾರ ಊರಿನ ಪತ್ರಿಕೆಯಲ್ಲಿ ಬಂದಿತ್ತು. ಆ ನಾಲ್ಕೂ ವಾರ ಟ್ರೆಸ್ಸಿ ಮತ್ತು ಅವಳ ತಂಡ ಕೊಲರಾಡೋದಲ್ಲಿ ಊರಿಂದೂರಿಗೆ ಹಾಡುತ್ತ ತಿರುಗುತ್ತಿದ್ದರು. ಹಿಂದಿನ ಸಂಜೆ ವ್ಯಾನು ಕಣಿವೆಗೆ ತಿರುಗಿದಾಗ ಮರಗಳಿಗೆಲ್ಲ ಅಳತೆಗಾರರು ಗುರುತಿಗೆ ಗುಲಾಬಿ ಪಟ್ಟಿ ಕಟ್ಟಿದ್ದನ್ನು ನೋಡಿ ವಿಷಯ ತಿಳಿದದ್ದು.

“ನಮ್ಮ ಚಿಕ್ಕೋಳಿಗೆ ದಿನಾ ನಿಮ್ಮ ಹಾಡು ಹಾಕ್ಲೇಬೇಕು ಅಕ್ಕ. ಇಲ್ದಿದ್ರೆ ಮಲಗೋದೇ ಇಲ್ಲ,” ಎಂದ ವೆಂಡೆಲ್.

“ಇಲ್ಲಿ ಹತ್ತೊಂಬತ್ತು ಅಂತಿದೆ.”

“ನಾನೇ ಎಣಿಸಿದ್ದು. ಎರಡು ಸಲ.”

“ಮೂವತ್ತೊಂದಿದೆ.”

ವೆಂಡೆಲ್ ನಕ್ಷೆಯ ಮೇಲೆ ಬಗ್ಗಿದ. ಹತ್ತೊಂಬತ್ತು ಚುಕ್ಕೆ, ಅವುಗಳ ಸುತ್ತ ನೂರಡಿ ಬಿಟ್ಟು ಒಂದು ಹಸಿರು ಗೆರೆ. ಗೋರಿಯಿಂದ ನೂರಡಿ ಒಳಗೆ ಅಗೆಯುವಂತಿಲ್ಲ, ಕಾನೂನು. ಗೆರೆಯ ಆಚೆಗೆ ಎಲ್ಲ ಬೂದು ಬಣ್ಣ.

“ಆ ಗುಂಡುಕಲ್ಲುಗಳ ವಿಷ್ಯ ಹೇಳ್ತಿದೀರಾ? ಗುಡ್ಡ ಅಂದ್ಮೇಲೆ ಕಲ್ಲು ಇರಲ್ವಾ ಅಕ್ಕ. ಎಲ್ಲಾ ಕಲ್ಲನ್ನೂ ಗೋರಿ ಅಂತ ಬರ್ಕೊಂಡ್ರೆ ನಾವು ಅಗಿಯೋದೆಲ್ಲಿ?”

“ಅದರಲ್ಲಿ ಎರಡು ಕಲ್ಲು ನಿಮ್ಮಜ್ಜ ಹೊತ್ತು ತಂದಿದ್ದು ವೆಂಡೆಲ್.”

“ಇರಬೋದು. ಕಾಗದ ಇದ್ರೆ ಕೊಡಿ, ಈಗಲೇ ಹಾಕ್ತೀನಿ. ನಾನು ಬೇಡ ಅಂತೀನಾ?” ಅವನು ಲೋಟ ಎತ್ತಿ ಒಂದು ಗುಟುಕು ಕುಡಿದು ಮತ್ತೆ ಗುಡ್ಡದ ನೆತ್ತಿಯ ಮೇಲೇ ಇಟ್ಟ. “ಕೆಲಸ ಮುಗಿದ್ಮೇಲೆ ಹುಲ್ಲು ಬಿತ್ತುತೀವಿ. ಹಸಿರಾಗಿ ಚೆನ್ನಾಗಿ ಕಾಣುತ್ತೆ. ಮುಂದಿನ ಸಿ.ಡಿ. ಮೇಲೆ ಆ ಫೋಟೋನೇ ಹಾಕ್ಕೋಬೋದು ನೀವು.”

ಅವನು ಕುಹಕಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ ಹೇಳಿದ. ಅದಕ್ಕೇ ಟ್ರೆಸ್ಸಿಯ ಕಿವಿ ಬಿಸಿಯಾದದ್ದು. ಬೈಯಲು ಎದುರಿಗೆ ಒಂದು ಕೆಟ್ಟ ಮುಖವಾದರೂ ಸಿಕ್ಕಿದ್ದರೆ ಅವಳಿಗೆ ಅಷ್ಟು ಸಮಾಧಾನವಾಗುತ್ತಿತ್ತು. ಅವಳು ಲೋಟವನ್ನು ಎತ್ತಿ ನಕ್ಷೆಯ ಆಚೆಗೆ, ಬರೀ ಗಾಜಿನ ಮೇಲೆ ಇಟ್ಟಳು. ನಕ್ಷೆ ಸುರುಳಿಯಾಗಿ ಮುಚ್ಚಿಕೊಂಡಿತು.

ಅವಳ ತಮ್ಮ ಬರ್ಲ್ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ. ಬ್ಯಾಂಜೋ ನುಡಿಸುವವನು, ವ್ಯಾನು ಓಡಿಸುವವನು, ಯಾವ ಊರಲ್ಲಿ ಯಾವಾಗ ಎಂದು ಗೊತ್ತುಮಾಡುವವನು. ತಂಡದ ಹೆಸರು ‘ಸ್ಪೈಸ್‌ವುಡ್ ಹುಡುಗರು’. ಮೊದಲು ಹುಡುಗರೇ ಇದ್ದರು. ಈಗ ಮುಂದೆ ನಿಂತು ಮ್ಯಾಂಡೊಲಿನ್ ಹಿಡಿದು ಹಾಡುವವಳು ಐವತ್ತೆಂಟರ ಟ್ರೆಸ್ಸಿ, ಉಳಿದವರಿಗೂ ಮಂಡಿನೋವು. ಇಪ್ಪತ್ತಾರು ವರ್ಷದಿಂದ ಅವರ ಅನ್ನ ಅಜ್ಜಿಯ ಆ ಒಂದು ಹಾಡಿನಲ್ಲಿತ್ತು. ಬೆಳಕು ಮೊದಲು ಬರುವುದು ನಮ್ಮ ಗುಡ್ಡಕ್ಕೆ ಎಂಬ ಪಲ್ಲವಿ, ಹನ್ನೆರಡರಲ್ಲಿ ಮೊದಲ ಎರಡೇ ನುಡಿ, ನಡುವೆ ಪಿಟೀಲು, ಮುಗಿಯಿತು. ಹಾಡುವ ಮುಂಚೆ ಟ್ರೆಸ್ಸಿ ಗುಡ್ಡದ ಮಂಜು, ಹಳ್ಳದ ಸದ್ದು, ಅಜ್ಜಿಯ ಮೆಕ್ಕೆಜೋಳದ ರೊಟ್ಟಿ ಎಂದು ನಾಲ್ಕು ಮಾತಾಡುತ್ತಿದ್ದಳು, ಎಲ್ಲ ಊರಲ್ಲೂ ಅದೇ ನಾಲ್ಕು ಮಾತು. ಗುಡ್ಡವನ್ನೇ ನೋಡದ ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

“ಹಾಡೇ ಕಾಗದ,” ಎಂದಳು ಟ್ರೆಸ್ಸಿ. “ಒಳಗೆ ಹಾಡ್ತೀನಿ. ಹನ್ನೆರಡೂ ನುಡಿ.”

“ಎಷ್ಟು ವರ್ಷ ಆಯ್ತು ಪೂರ್ತಿ ಹಾಡಿ?” ಎಂದ ಬರ್ಲ್.

“ಅಜ್ಜೀನ ಹೂಳಿದ ದಿನ ಹಾಡಿದ್ದೆ.”

“ಮೂವತ್ತೊಂದು ವರ್ಷ ಅಕ್ಕ.”

“ನನ್ನ ಹಲ್ಲು ನನ್ನ ಬಾಯಲ್ಲಿದೆಯಾ ಅಂತ ಬೆಳಗಾಗೆದ್ದು ಎಣಿಸ್ಲಾ ನಾನು?” ಎಂದಳು. ಆಮೇಲೆ, ತಡೆಯಲಾರದೆ, “ಮೂರು ನಿಮಿಷದ ಮೇಲಾದ್ರೆ ರೇಡಿಯೋದೋರು ಹಾಕಲ್ಲ, ಅಷ್ಟೊಂದು ಸತ್ತ ಮಕ್ಕಳ ಹೆಸರು ಯಾರಿಗೆ ಬೇಕು ಅಂದೋನು ನೀನು.”

“ಹೂಂ. ಅಂದೆ. ಆಗ್ಲಿ ಅಂದೋಳು ನೀನು,” ಎಂದ ಬರ್ಲ್. ಟ್ರೆಸ್ಸಿ ತನ್ನ ಮೂರು ಮಕ್ಕಳನ್ನು ವ್ಯಾನಿನ ಹಿಂದಿನ ಸೀಟಿನಲ್ಲೇ ಬೆಳೆಸಿದವಳು. ಅವರನ್ನು ಮಲಗಿಸುವಾಗಲೂ ಎರಡೇ ನುಡಿ ಹಾಡುತ್ತಿದ್ದಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಅವಳಿಗೇ ಕಣ್ಣು ಎಳೆಯುತ್ತಿತ್ತು.

ಬ್ಯಾಸ್ಕೆಟ್‌ಬಾಲ್ ಆಡುವ ದೊಡ್ಡ ಹಾಲಿನಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಅರ್ಧ ಜನ ಕಂಪನಿ ಹಂಚಿದ ನೀಲಿ ಅಂಗಿಯಲ್ಲಿದ್ದರು. ರಾಜಧಾನಿಯಿಂದ ಬಂದ ಅಧಿಕಾರಿ, ಕನ್ನಡಕದ ತೆಳ್ಳನೆಯ ಮನುಷ್ಯ, ಮೇಜಿನ ಮೇಲೆ ಒಂದು ದೀಪ ಇಟ್ಟುಕೊಂಡಿದ್ದ. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಕೆಂಪು.

ಟ್ರೆಸ್ಸಿ ಹೆಸರು ಹೇಳಿ, ಹಸಿರು ಗೆರೆಯ ಹೊರಗೆ ಹನ್ನೆರಡು ಮಕ್ಕಳ ಗೋರಿಗಳಿವೆ, ಲೆಕ್ಕದಲ್ಲಿ ಬಿಟ್ಟಿದ್ದಾರೆ ಎಂದಳು.

“ದಾಖಲೆ?” ಅಧಿಕಾರಿ ಕೇಳಿದ.

“ಹಾಡಿದೆ.”

ನೀಲಿ ಅಂಗಿಗಳ ಸಾಲಿನಲ್ಲಿ ನಗೆ ಹರಿಯಿತು. “ಟಿಕೆಟ್ ಎಷ್ಟಮ್ಮಾ?” ಎಂದ ಒಬ್ಬ. ಅವನ ಪಕ್ಕದ ಹೆಂಗಸು ಮಾತ್ರ ನಗಲಿಲ್ಲ. ತೊಡೆಯ ಮೇಲಿನ ಮಗುವನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡು, ಟ್ರೆಸ್ಸಿಯನ್ನೇ ನೋಡುತ್ತ ಹೇಳಿದಳು. “ನಮ್ಮ ಗಂಡಂದಿರು ಗುಡ್ಡ ಅಗೆದು ತಿಂತಾರೆ. ನೀವು ಗುಡ್ಡ ಹಾಡಿ ತಿಂತೀರ. ನಾಲ್ಕು ವಾರ ಪೇಪರಲ್ಲಿ ಬಂತು. ಎಲ್ಲಿದ್ರಿ?”

ಟ್ರೆಸ್ಸಿಗೆ ಮೈ ಉರಿದುಹೋಯಿತು. ಆ ಹೆಂಗಸಿನ ಮೇಲೋ, ನೀಲಿ ಅಂಗಿಯ ಮೇಲೋ, ನಾಲ್ಕು ವಾರ ಯಾರದೋ ಊರಿನ ವೇದಿಕೆಯಲ್ಲಿ ನಿಂತು ನಮ್ಮ ಗುಡ್ಡ, ನಮ್ಮ ಗುಡ್ಡ ಎಂದ ತನ್ನ ಬಾಯಿಯ ಮೇಲೋ, ಬಿಡಿಸಿ ನೋಡುವ ಹೊತ್ತಲ್ಲ ಅದು.

“ಇಲ್ಲಿರ್ಲಿಲ್ಲ. ಈಗ ಇದೀನಿ,” ಎಂದಳು. ಅಧಿಕಾರಿಯ ಕಡೆಗೆ ತಿರುಗಿದಳು. “ನಮ್ಮೋರಿಗೆ ಬರೆಯೋಕೆ ಬರ್ತಿರ್ಲಿಲ್ಲ ಸರ್. ಕೆತ್ತಿಸೋಕೆ ಕಾಸಿರ್ಲಿಲ್ಲ. ಹಾಡೋಕೆ ಬರ್ತಿತ್ತು. ಎಲ್ಲಿ ಯಾರಿದಾರೆ ಅಂತ ಹಾಡಲ್ಲಿ ಇಟ್ಟು ಹೋದ್ರು. ನಿಮಗೆ ಬರೋ ಥರಾನೇ ಇಟ್ಟಿರ್ಬೇಕಾಗಿತ್ತು ಅಂತ ಅವರಿಗೇನು ಗೊತ್ತು?”

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. “ಜಾಗ ಮತ್ತು ಹೆಸರು, ಎರಡೂ ಹೇಳಿದರೆ ಬರೆದುಕೊಳ್ಳುತ್ತೇನೆ. ಬರೆದುಕೊಂಡ ಪ್ರತಿಯೊಂದನ್ನೂ ಕಂಪನಿಯವರು ಹೋಗಿ ನೋಡಲೇಬೇಕು, ಸುತ್ತ ನೂರಡಿ ಬಿಡಲೇಬೇಕು. ಹೇಳದೇ ಇದ್ದದ್ದನ್ನು ನಾನು ಬರೆಯೋದಿಲ್ಲ. ಆಯ್ತಾ?” ಎಂದ. ದೀಪವನ್ನು ಹಸಿರಿಗೆ ತಿರುಗಿಸಿದ.

ಟ್ರೆಸ್ಸಿ ಮ್ಯಾಂಡೊಲಿನ್ ತಂದಿರಲಿಲ್ಲ. ಅಜ್ಜಿ ಹಾಡುತ್ತಿದ್ದದ್ದೂ ಬರಿಗೊರಳಲ್ಲೇ, ನಡೆಯುತ್ತ. ಅವಳು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಸ್ಮಶಾನದ ದೇವದಾರು ಮರಕ್ಕೆ ಬೆನ್ನು ಕೊಟ್ಟು ನಿಂತಳು.

ದೇವದಾರಿಗೆ ಬೆನ್ನು ಕೊಟ್ಟು ನಾಲ್ಕು ಹೆಜ್ಜೆ ನಡೆ,
ಓಲಾ ಇದ್ದಾಳೆ, ಒಂದೇ ಚಳಿಗಾಲ ಕಂಡವಳು.
ಓಲಾಳ ಪಾದದಿಂದ ಎರಡು ಹೆಜ್ಜೆ ಇಳಿ,
ಹೈರಮ್ ಇದ್ದಾನೆ, ಹೆಸರಿಡುವಷ್ಟೇ ಉಸಿರಾಡಿದವನು.

ಇಲ್ಲಿಯವರೆಗೆ ಹಾಲಿನಲ್ಲಿದ್ದವರಿಗೆಲ್ಲ ಬಾಯಿಪಾಠ. ನೀಲಿ ಅಂಗಿಯವರ ತುಟಿಗಳೂ ಅಲುಗುತ್ತಿದ್ದವು. ಪಲ್ಲವಿ ಬರಬೇಕಾದ ಜಾಗದಲ್ಲಿ ಪಲ್ಲವಿ ಬರದೆ ಮೂರನೆಯ ಮಗು ಬಂದಾಗ ತುಟಿಗಳು ನಿಂತವು. ನಾಲ್ಕನೆಯದು. ಐದನೆಯದು ಮತ್ತು ಆರನೆಯದು ಅವಳಿ ಮಕ್ಕಳು, ಒಂದೇ ಕಲ್ಲಿನ ಎರಡು ಹೋಳು. ಅಧಿಕಾರಿಯ ಪೆನ್ನು ಓಡುತ್ತಿತ್ತು. ಏಳನೆಯದರ ನಡುವೆ ದೀಪ ಕೆಂಪಾಯಿತು. ಅಧಿಕಾರಿ ಅದರ ಮೇಲೆ ತನ್ನ ಕಡತ ಮಗುಚಿಹಾಕಿ ಬರೆಯುತ್ತಲೇ ಇದ್ದ. ವೆಂಡೆಲ್ ಎದ್ದು ಮುಂದೆ ಬಂದು, ನಕ್ಷೆ ಬಿಚ್ಚಿ, ಹೆಜ್ಜೆಗಳನ್ನು ಅಡಿಗಳಿಗೆ ತಿರುಗಿಸಿ ಚುಕ್ಕೆ ಇಡತೊಡಗಿದ. ಹತ್ತನೆಯ ಚುಕ್ಕೆಗೆ ಅವನ ಹಸಿರು ಗೆರೆ ಬೂದು ಬಣ್ಣದೊಳಕ್ಕೆ ಬಹುದೂರ ಸರಿದಿತ್ತು.

ಹನ್ನೊಂದನೆಯದು ಲೂವಿಸಾ, ಹಳ್ಳದ ಕಡೆ ಮುಖಮಾಡಿ ಮಲಗಿದವಳು. ಟ್ರೆಸ್ಸಿ ಉಸಿರೆಳೆದುಕೊಂಡಳು.

ಉಸಿರು ಬಂತು. ನುಡಿ ಬರಲಿಲ್ಲ.

ಅವಳು ಕಣ್ಣು ಬಿಡಲಿಲ್ಲ. ಹಾಡು ಮರೆತವರು ಮಾಡುವುದನ್ನೇ ಮಾಡಿದಳು. ಹಿಂದಕ್ಕೆ ಹೋಗಿ ಒಂಬತ್ತನೆಯದರಿಂದ ಓಡಿಬಂದಳು, ಓಟಕ್ಕೆ ಕಾಲುವೆ ದಾಟಿಬಿಡಬಹುದೆಂದು. ಲೂವಿಸಾಳ ಹತ್ತಿರ ಮತ್ತೆ ನಿಂತಳು. ದೇವದಾರಿನಿಂದಲೇ ಮತ್ತೆ ಹೊರಟಳು. ಲೂವಿಸಾ ಹಳ್ಳದ ಕಡೆ ಮುಖ ಮಾಡಿದಳು. ಅಲ್ಲಿಂದ ಮುಂದೆ ಟ್ರೆಸ್ಸಿಗೆ ಕಂಡದ್ದು ಚಿಕ್ಕಂದಿನಲ್ಲಿ ಹೂ ಇಡುವ ದಿನ ಮರದಡಿಯ ಹಲಗೆಗಳ ಮೇಲೆ ಹರಡುತ್ತಿದ್ದ ಊಟ ಮಾತ್ರ: ಕೋಳಿ ಸಾರು, ಸೇಬಿನ ಕಡುಬು, ಆಗಲೇ ಕೈ ಹಾಕಿದ್ದ ಚಿಕ್ಕ ಬರ್ಲ್. ಕೊನೆಯ ಕಲ್ಲಿನವರೆಗೆ ಅಜ್ಜಿ ಒಬ್ಬಳೇ ಹೋಗುತ್ತಿದ್ದಳು. ದೂರದಿಂದ ಅವಳ ದನಿ ಮಾತ್ರ ಬರುತ್ತಿತ್ತು. ಯಾವ ಕಡೆಯಿಂದ?

“ಇನ್ನೊಂದಿದೆ ಸರ್,” ಎಂದಳು. “ಹುಡುಗ. ಉಳಿದೋರಿಂದ ದೂರ.”

“ಯಾವ ಕಡೆ?”

ಅವಳು ಬರ್ಲ್‌ನನ್ನು ನೋಡಿದಳು. ಬರ್ಲ್ ಎದ್ದು ನಿಂತಿದ್ದ. ಇಲ್ಲವೆಂದು ತಲೆಯಾಡಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಗೊತ್ತಿಲ್ಲ,” ಎಂದಳು ಟ್ರೆಸ್ಸಿ.

“ಹೆಸರು?”

ಮಗುವಿದ್ದ ಆ ಹೆಂಗಸು ತಲೆ ತಗ್ಗಿಸಿದಳು.

“ಹನ್ನೊಂದು ಬರೆದುಕೊಂಡಿದ್ದೇನೆ,” ಎಂದ ಅಧಿಕಾರಿ. ದನಿಯಲ್ಲಿ ಕಠಿಣತೆ ಇರಲಿಲ್ಲ. ಅವನು ಮುಂದಿನವರ ಹೆಸರು ಕರೆದ.

ನಾಲ್ಕು ವಾರ ಟ್ರೆಸ್ಸಿ ಯಾವ ಊರಿಗೂ ಹಾಡಲು ಹೋಗಲಿಲ್ಲ. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನೆಲ್ಲ ಬರ್ಲ್ ರದ್ದು ಮಾಡಿದ, ಬೈಸಿಕೊಂಡ. ಒಹಾಯೋದಲ್ಲಿ, ಮಿಶಿಗನ್ನಿನಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗಿ ಅಲ್ಲೇ ಮುದುಕರಾದ ನೆಂಟರಿಗೆಲ್ಲ ಅವಳು ಫೋನು ಮಾಡಿದಳು. ಎಲ್ಲರಿಗೂ ಹಾಡು ಬರುತ್ತಿತ್ತು, ರೇಡಿಯೋದಲ್ಲಿ ಬರುತ್ತಿದ್ದಷ್ಟು. ತೊಂಬತ್ತೊಂದರ ಒಬ್ಬ ಚಿಕ್ಕಮ್ಮ, “ಮೊದ್ಲು ಇನ್ನೂ ಉದ್ದ ಇತ್ತಲ್ವೇನೇ? ನೀವು ಚೆನ್ನಾಗಿ ಮಾಡಿದ್ರಿ ಬಿಡು. ಅದು ತುಂಬಾ ಅಳು ಬರ್ಸ್ತಿತ್ತು,” ಎಂದಳು. ಅಕ್ಕ ತಮ್ಮ ಎರಡು ದಿನ ಗುಡ್ಡದ ಇಳಿಜಾರಲ್ಲಿ ಎಲೆ ಕೆದಕುತ್ತ ತಿರುಗಿದರು. ಹೆಜ್ಜೆಗೊಂದು ಕಲ್ಲು. ಹತ್ತು ಕಲ್ಲಿಗೆ ಒಂದು, ಯಾರೋ ಬೇಕೆಂದೇ ನೆಟ್ಟಂತೆ ನಿಂತಿರುತ್ತಿತ್ತು. ಅಷ್ಟರಲ್ಲಿ ಕಂಪನಿಗೆ ಪರವಾನಗಿ ಸಿಕ್ಕಿತು, ಯಂತ್ರಗಳು ಹಗಲೂ ರಾತ್ರಿ ಅಗೆಯತೊಡಗಿದವು.

ಮೇ ಕೊನೆಯ ಭಾನುವಾರ ಕಂಪನಿಯ ಗೇಟಿನಲ್ಲಿ ಸಹಿ ಮಾಡಿಸಿಕೊಂಡು, ತಲೆಗೆ ಹಳದಿ ಟೊಪ್ಪಿಗೆ ಕೊಟ್ಟು, ವೆಂಡೆಲ್ ತನ್ನ ಗಾಡಿಯಲ್ಲೇ ಅವರನ್ನು ಮೇಲಕ್ಕೆ ಕರೆದೊಯ್ದ. ದಾರಿಯಲ್ಲಿ ರೇಡಿಯೋ ಹಾಕಲಿಲ್ಲ. ಮಕ್ಕಳ ಹನ್ನೊಂದು ಕಲ್ಲುಗಳ ಪಕ್ಕ ಹನ್ನೊಂದು ಕಿತ್ತಳೆ ಬಾವುಟ ಚುಚ್ಚಿದ್ದರು. ಹೊಸ ಗೆರೆಯ ಅಂಚಿಗೆ ತಂತಿಬೇಲಿ. ಬೇಲಿಯ ಆಚೆ ಮರಗಳಿರಲಿಲ್ಲ, ನೆಲವೂ ಇರಲಿಲ್ಲ; ಮೂರು ದಿಕ್ಕಿನಲ್ಲೂ ಗುಡ್ಡವನ್ನು ರೊಟ್ಟಿ ಕೊಯ್ದಂತೆ ಕೊಯ್ದು ಇಳಿಸಿದ್ದರು. ಕೆಳಗೆ ಹಳದಿ ಯಂತ್ರಗಳು ಭಾನುವಾರದ ರಜೆಯಲ್ಲಿ ಸಾಲಾಗಿ ನಿಂತಿದ್ದವು.

ಟ್ರೆಸ್ಸಿ ಹಾಡುತ್ತ ನಡೆದಳು. ಓಲಾಳಿಗೆ ಒಂದು, ಹೈರಮ್‌ಗೆ ಒಂದು. ಬರ್ಲ್ ಹಿಂದೆ ಬುಟ್ಟಿ ಹಿಡಿದು ಬರುತ್ತಿದ್ದ. ಲೂವಿಸಾಳ ಹತ್ತಿರ ಹಾಡು ನಿಂತಿತು. ಬುಟ್ಟಿಯಲ್ಲಿ ಒಂದು ಹೂ ಉಳಿದಿತ್ತು, ನೀಲಿ ಕಾಗದದ್ದು, ಅಂಚಿನಲ್ಲಿ ಮೇಣ ತುಸು ದಪ್ಪಗಾಗಿತ್ತು. ಅವಳು ಅದನ್ನು ತೆಗೆದುಕೊಂಡು ಬೇಲಿಯವರೆಗೆ ಹೋಗಿ ನಿಂತಳು. ಮೂರು ದಿಕ್ಕಿಗೂ ನೋಡಿದಳು. ಹೂವನ್ನು ತಂತಿಗೂ ಸಿಕ್ಕಿಸಲಿಲ್ಲ, ಕೆಳಕ್ಕೂ ಎಸೆಯಲಿಲ್ಲ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಗಾಡಿಯ ಕಡೆಗೆ ಬಂದಳು.

ಯಾರನ್ನೂ ಬಿಡುವುದಿಲ್ಲ ಎಂದು ಅಜ್ಜಿಗೆ ಮಾತು ಕೊಟ್ಟಿದ್ದಳು. ಒಬ್ಬನನ್ನು ಬಿಟ್ಟಳು.